ಗೌರಿ ಹೂವಿಗೆ ಮೂರು ಮಳೆಗಾಲ

ಚಳಿ ದೇಶಗಳಲ್ಲಿ ಕಾಡು ಐರಿಸ್ ಬೆಳೆಸುವವರು ಅದರ ಬೀಜವನ್ನು ಒದ್ದೆ ಮರಳಿನಲ್ಲಿ ಕಲಸಿ ಎರಡು-ಮೂರು ತಿಂಗಳು ಫ್ರಿಜ್‌ನಲ್ಲಿ ಇಡುತ್ತಾರೆ. ಚಳಿಗಾಲ ಕಳೀತು ಅಂತ ನಂಬಿಕೆ ಬಂದ ಮೇಲೇನೇ ಬೀಜ ಮೊಳೆಯೋದು. ನಮ್ಮ ಗೋಕಾಕ, ಹುಕ್ಕೇರಿ ಕಡೆ ಲೆಕ್ಕ ಉಲ್ಟಾ. ಇಲ್ಲಿನ ಕಾಡುಹೂವಿನ ಬೀಜ ಬೇಸಿಗೆ ದಾಟಿ ಮಳೆಗೆ ಕಾಯುತ್ತದೆ.

ನಾನು ಬೆಳೆಸ್ತಿರೋದು ಅಗ್ನಿಶಿಖೆ. ಗೌರಿ ಹಬ್ಬದ ಹೊತ್ತಿಗೆ ಅರಳೋದರಿಂದ ಗೌರಿ ಹೂವು ಅಂತಲೂ ಕರೀತಾರೆ. ಆರು ದಳ, ಅಂಚೆಲ್ಲ ಅಲೆ ಅಲೆ, ಮೊದಲು ಹಸಿರು, ಆಮೇಲೆ ಹಳದಿ, ಕೊನೆಗೆ ಕೆಂಡದ ಕೆಂಪು. ತಮಿಳುನಾಡಿನ ರಾಜ್ಯ ಪುಷ್ಪ ಇದೇ. ಗುಡ್ಡದ ಕುರುಚಲು, ಹೊಲದ ಬೇಲಿ ಇದರ ಮನೆ. ಮೂಡಲಗಿ ಕಡೆ ಕಬ್ಬು ಬದುವಿನ ತನಕ ಬಂದು ಬೇಲಿಗಳೇ ಕಡಿಮೆಯಾಗಿವೆ. ಉಳಿದಲ್ಲಿ ಗೆಡ್ಡೆ ಅಗೆದು ಒಯ್ಯುವವರು ಇದ್ದಾರೆ. ಗೆಡ್ಡೆ ನೆಟ್ಟರೆ ಅದೇ ವರ್ಷ ಹೂವು ಸಿಗಬಹುದು ನಿಜ, ಆದರೆ ಗುಡ್ಡದಲ್ಲಿ ಒಂದು ಬಳ್ಳಿ ಕಮ್ಮಿ ಆಗುತ್ತೆ. ಅದಕ್ಕೇ ನಾನು ಎರಡೇ ಒಣ ಕಾಯಿ ತಂದೆ.

ಕಾಯಿ ಒಣಗಿ ಬಿರಿದಾಗ ಒಳಗೆ ಕೇಸರಿ-ಕೆಂಪು ಬೀಜ ಸಾಲಾಗಿ ಕೂತಿರುತ್ತವೆ. ಕಿತ್ತ ಕೂಡಲೇ ಬಿತ್ತಿದರೆ ಮೊಳೆಯೋದು ಕಷ್ಟ, ಕೆಲವು ತಿಂಗಳ ನಿದ್ದೆ ಬೇಕು. ಕಾಗದದ ಪೊಟ್ಟಣದಲ್ಲಿಟ್ಟು ಜೂನ್‌ನಲ್ಲಿ ಒಂದು ರಾತ್ರಿ ಬೆಚ್ಚನೆ ನೀರಲ್ಲಿ ನೆನೆಸಿ, ಮರಳು ಬೆರೆಸಿದ ಮಣ್ಣಲ್ಲಿ ಬಿತ್ತಿದೆ. ಇಪ್ಪತ್ತರಲ್ಲಿ ಐದು ಬಂದವು, ಅದೂ ಒಂದೊಂದು ಒಂದೊಂದು ವಾರ!

ಮೊದಲ ವರ್ಷ ನೋಡೋಕೆ ಏನೂ ಇಲ್ಲ. ನಾಲ್ಕು ಎಲೆ, ಅಷ್ಟೇ. ಮಳೆ ಮುಗಿದ ಮೇಲೆ ಅದೂ ಒಣಗುತ್ತೆ. ಸತ್ತಿತು ಅಂತ ಕುಂಡ ಖಾಲಿ ಮಾಡಬೇಡಿ. ಕೆಳಗೆ ಪುಟ್ಟ ಗೆಡ್ಡೆ ಮಲಗಿರುತ್ತದೆ. ಆಗ ನೀರು ಹಾಕಿದರೆ ಕೊಳೆಯುತ್ತೆ. ಬೀಜದಿಂದ ಹೂವಿಗೆ ಸಾಮಾನ್ಯವಾಗಿ ಎರಡು-ಮೂರು ವರ್ಷ. ಬಲಿತ ಗೆಡ್ಡೆ ನೇಗಿಲಿನ ಹಾಗೆ ಬಾಗಿರುತ್ತದೆ, ಸಂಸ್ಕೃತದ ಲಾಂಗಲಿ ಅನ್ನೋ ಹೆಸರು ಅದಕ್ಕೇ.

ಇನ್ನು ಮನೆಯ ಜಗಳ. ಗೆಡ್ಡೆ, ಬೀಜ, ಎಲೆ ಎಲ್ಲವೂ ವಿಷ. ಇದರಲ್ಲಿರೋ ಕಾಲ್ಚಿಸಿನ್ ಗೌಟ್‌ಗೆ ಅಳೆದು ಕೊಡುವ ಔಷಧಿ. ಅಳತೆ ತಪ್ಪಿದರೆ ಜೀವ ಹೋಗುತ್ತದೆ. ಗೆಣಸು ಅಂತ ತಿಂದು ಸತ್ತವರಿದ್ದಾರೆ. ಅಕ್ಕನ ಮಗನಿಗೆ ಮೂರು ವರ್ಷ, ಕಂಡದ್ದೆಲ್ಲ ಬಾಯಿಗೇ. "ವಿಷದ ಗಡ್ಡಿ ಮನ್ಯಾಗ ಯಾಕ ಬೇಕಪಾ?" ಅಂದಳು ಅವ್ವ. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕುಂಡಗಳು ಈಗ ಬೀಗ ಹಾಕಿದ ತಾರಸಿಯಲ್ಲಿವೆ, ಬೀಗದ ಕೈ ಅವ್ವನ ಸೆರಗಿನಲ್ಲಿ. ಮಣ್ಣು ಮುಟ್ಟುವಾಗ ಗ್ಲೌಸ್ ಹಾಕ್ತೀನಿ. ಮನೆಯಲ್ಲಿ ಚಿಕ್ಕ ಮಕ್ಕಳು, ನಾಯಿ, ಆಡು ಓಡಾಡ್ತಿದ್ರೆ, ಬೀಗ ಹಾಕೋ ಜಾಗ ಇಲ್ಲದಿದ್ರೆ, ಈ ಗಿಡ ನಿಮಗೆ ಬೇಡವೇ ಬೇಡ.

ಇದು ಎರಡನೇ ಮಳೆಗಾಲ. ಎಲೆಯ ತುದಿ ಸುರುಳಿಯಾಗಿ ಗ್ರಿಲ್ ಹಿಡಿದಿದೆ. ಮೊಗ್ಗು ಇನ್ನೂ ಇಲ್ಲ. ಅವ್ವ ಮಾತ್ರ ದಿನಾ ಸಂಜೆ ಬೀಗ ತೆಗೆದು ಒಂದು ಸಲ ನೋಡಿ ಬರ್ತಾಳೆ.