ಒಲೆಯ ಮುಂದಿನವನ ಅಂಗಿ

1905ರಲ್ಲಿ ಪುಣೆಯ ವಿದ್ಯಾರ್ಥಿಗಳು ವಿದೇಶೀ ಬಟ್ಟೆಯ ಹೋಳಿ ಮಾಡಿದರು. ಇಂದು ಅದೇ ನಗರದ ಲಕ್ಷ್ಮೀ ರಸ್ತೆಯಲ್ಲಿ ನಮ್ಮ ಹೊಟೇಲು ಕಾರ್ಮಿಕ ಬಂಧುಗಳು ಅಗ್ಗವೆಂದು ಪಾಲಿಯೆಸ್ಟರ್ ಅಂಗಿಗಳನ್ನು ಕೊಳ್ಳುತ್ತಿರುವುದನ್ನು ಕಾಣುತ್ತೇವೆ. ಅದು ಸ್ವದೇಶೀ ಗಿರಣಿಯದೇ ಇರಬಹುದು. ನಮ್ಮ ತಕರಾರು ಬೇರೆ. ಗುಮಾಸ್ತರಿಗೆ ಅದರಿಂದ ಬೆವರಿನ ಕಾಟವಷ್ಟೇ. ಒಲೆಯ ಮುಂದೆ ನಿಲ್ಲುವ ಅಡಿಗೆಯವನಿಗಾದರೋ, ಬೆಂಕಿ ತಗುಲಿದರೆ ಆ ನೂಲು ಕರಗಿ ಮೈಗೆ ಅಂಟುತ್ತದೆ. ಹತ್ತಿಯೂ ಉರಿಯುತ್ತದೆ, ಕರಗುವುದಿಲ್ಲ. ಒತ್ತಾಗಿ ನೆಯ್ದ ದಪ್ಪ ಬಟ್ಟೆಗೆ ಬೆಂಕಿ ಹತ್ತುವುದೂ ನಿಧಾನ.

ಖಾದಿ ಭಂಡಾರದಲ್ಲಿಯೂ ಕೈಮಗ್ಗದ ಸಣ್ಣ ಅಂಗಡಿಗಳಲ್ಲಿಯೂ ಇಂತಹ ಗಟ್ಟಿ ಅಂಗಿಗೆ ಬೆಲೆ ಹೆಚ್ಚೆಂಬುದು ದಿಟ. ನೂತವರ, ನೆಯ್ದವರ ಕೂಲಿ ಅದರಲ್ಲಿದೆ. ಆದರೆ ಆ ಹೊರೆಯನ್ನು ಅಡಿಗೆಯವನೊಬ್ಬನೇ ಏಕೆ ಹೊರಬೇಕು? ಹೊಟೇಲು ಮಾಲೀಕರು ವರ್ಷಕ್ಕೆ ಎರಡು ಜೊತೆ ಹತ್ತಿಯ ಉಡುಪು ಕೊಡಿಸಲಿ. ಅದರ ಬೆಲೆಯನ್ನು ದೀಪಾವಳಿಯ ಬೋನಸ್ಸಿನಲ್ಲಿ ಮುರಿದುಕೊಳ್ಳಕೂಡದು.