ಸ್ಲೈಡಿನಿಂದ ಅಳಿಸಿದ ಇಸವಿ

ನನ್ನ ಗೆಳೆಯನೊಬ್ಬ ಮೊನ್ನೆ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿನ ಒಂದು ಆಫೀಸಿಗೆ ಬಂಡವಾಳ ಕೇಳಲು ಹೊರಟಿದ್ದ. ಹಿಂದಿನ ರಾತ್ರಿ ಕೂತು ತಲೆಗೆ ಬಣ್ಣ ಹಚ್ಚಿಕೊಂಡ. ಆಮೇಲೆ ಲ್ಯಾಪ್‌ಟಾಪ್ ತೆರೆದು, ಪರಿಚಯದ ಸ್ಲೈಡಿನಿಂದ ತಾನು ಬಿ.ಇ. ಮುಗಿಸಿದ ಇಸವಿಯನ್ನು ಅಳಿಸಿದ. ಅವನಿಗೀಗ 54.

ಅವನು ಮಾಡಿರುವುದು ಕೊಳವೆಬಾವಿ ಮೋಟರು ಸುಡದಂತೆ ಕಾಯುವ ಸಾಧನ. ಪ್ಯಾನೆಲ್ ಬೋರ್ಡಿನ ಆಂಪಿಯರ್ ಮುಳ್ಳು ಆಡುವ ರೀತಿ ನೋಡಿಯೇ ಕೆಳಗೆ ನೀರು ಇಳಿದಿದೆಯೋ, ಒಂದು ಫೇಸ್ ಹೋಗಿದೆಯೋ ಹೇಳಬಲ್ಲವನು ಅವನು. ಇಪ್ಪತ್ತೈದು ವರ್ಷ ತೋಟಗಳಲ್ಲಿ ಅಲೆದು ಪಡೆದ ಆ ಕಣ್ಣನ್ನೇ ಸಾಫ್ಟ್‌ವೇರಿಗೆ ಕೊಟ್ಟಿದ್ದಾನೆ. ಹೂಡಿಕೆದಾರರು ಕೇಳಿದ ಮೊದಲ ಪ್ರಶ್ನೆ: "ಈ ವಯಸ್ಸಲ್ಲಿ ಇನ್ನೆಷ್ಟು ವರ್ಷ ಓಡ್ತೀರಿ ಸರ್?"

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಈ ಊರು ನಲವತ್ತಕ್ಕೇ ಇಳಿಸಿಬಿಟ್ಟಿದೆ. ಇದು ಅನ್ಯಾಯ. ಲೆಕ್ಕಕ್ಕೂ ನಿಲ್ಲದ ಅನ್ಯಾಯ. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ, ಸಾವಿರಕ್ಕೊಂದರಂಥ ಹೊಸ ಕಂಪನಿಗಳನ್ನು ಸಂಶೋಧಕ ಪಿಯರ್ ಅಜೂಲೇ ಮತ್ತು ಸಂಗಡಿಗರು ಸರ್ಕಾರಿ ದಾಖಲೆ ಹಿಡಿದು ನೋಡಿದರು. ಕಂಪನಿ ಶುರುಮಾಡಿದಾಗ ಆ ಸ್ಥಾಪಕರ ಸರಾಸರಿ ವಯಸ್ಸು 45. ಅದೇ ಕಸುಬಿನಲ್ಲಿ ದುಡಿದ ಅನುಭವ ಇದ್ದವರಿಗೆ ಗೆಲುವು ಹೆಚ್ಚು ಒಲಿದಿತ್ತು.

ನಮ್ಮ ಬೆಂಗಳೂರಲ್ಲೇ, 1942ರಲ್ಲಿ ಹುಟ್ಟಿದ ಅಶೋಕ್ ಸೂಟಾ ಹ್ಯಾಪಿಯೆಸ್ಟ್ ಮೈಂಡ್ಸ್ ಎಂಬ ಐಟಿ ಕಂಪನಿ ಕಟ್ಟಿದ್ದು 2011ರಲ್ಲಿ. ಫಾಲ್ಗುಣಿ ನಾಯರ್ ಸೌಂದರ್ಯವರ್ಧಕಗಳ ಕಂಪನಿ ನೈಕಾ ಆರಂಭಿಸಿದಾಗ ಐವತ್ತರ ಹೊಸ್ತಿಲಲ್ಲಿದ್ದರು. "ಅವರ ಮಾತು ಬಿಡಿ, ಅವರಿಗೆ ಮೊದಲೇ ಹೆಸರಿತ್ತು" ಅನ್ನುತ್ತಾರೆ. ನನ್ನ ಸಂಕಟವೂ ಅದೇ. ಹೆಸರಿದ್ದವರ ನರೆಗೂದಲು ಅನುಭವ. ಹೆಸರಿಲ್ಲದವನದು ಬರೀ ಮುಪ್ಪೇ?

ಹಣ ಕೊಡುವ ಗೆಳೆಯರೇ, ಸೋಲಬಹುದಾದ ಯೋಜನೆಗೆ ಇಲ್ಲ ಎನ್ನಿ, ಅದು ನಿಮ್ಮ ಹಕ್ಕು. ಆದರೆ ಯೋಜನೆ ನೋಡಿ ಇಲ್ಲ ಎನ್ನಿ. ಎದುರಿಗೆ ಕೂತವರ ಕೂದಲಿನ ಬುಡದಲ್ಲಿ ಬಿಳುಪು ಹುಡುಕಬೇಡಿ. ಮೋಟರು ಸುಟ್ಟ ದಿನ ರೈತನ ಮನೆಯಲ್ಲಿ ಏನಾಗುತ್ತದೆಂದು ಕಂಡವರು ನಿಮ್ಮ ಬಾಗಿಲಿಗೆ ಬಂದಿದ್ದಾರೆ. ಅವರನ್ನು ಕೂರಿಸಿ ಕೇಳಿ.

ಗೆಳೆಯನ ಸಾಧನ ಈಗ ದೊಡ್ಡಬಳ್ಳಾಪುರದ ಕಡೆ ಒಂಬತ್ತು ತೋಟಗಳಲ್ಲಿ ಕೆಲಸ ಮಾಡುತ್ತಿದೆ. ಒಂದು ದಿನ ಬಿಡುವು ಮಾಡಿಕೊಂಡು ಬಂದು ನೋಡಿ.