ಬ್ರೆಡ್ಡು ಕೊಯ್ದ್ರೆ ಮರ್ಯಾದೆ ಹೋಗ್ತಾ?

ಕೊನೆಕೊಯ್ಲಿನ ಟೈಮಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದು ಏಳಕಾರೆ ಸೊಂಟ ಹಿಡ್ಕಂಡಿರ್ತು, ನಿಂಗಕ್ಕೆಲ್ಲ ಗೊತ್ತಿದ್ದು. ಮೊನ್ನೆ ಹಂಗೇ ಎದ್ದು ರಾತ್ರಿಗೆ ಸ್ಯಾಂಡ್‌ವಿಚ್ ಮಾಡಿ ಬಡಿಸ್ದಿ. ಬಂದಿದ್ದ ನೆಂಟ್ರು ಒಬ್ರು ಹೇಳ್ದ, "ಹವ್ಯಕರ ಮನೇಲಿ ಬ್ರೆಡ್ಡಾ? ತೆಳ್ಳೇವು ಎರೆಯಲೆ ಉದಾಸೀನ ಬಂತಾ?"

ಯಂಗೆ ಸಿಟ್ಟು ಬಂತು. ತೆಳ್ಳೇವು ಬ್ಯಾಡ ಹೇಳಿ ಯಾರು ಹೇಳ್ದ? ಸವತೆಕಾಯಿ ತೆಳ್ಳೇವಿಗೆ ಜೋನಿಬೆಲ್ಲ, ತುಪ್ಪ ಇದ್ರೆ ಯಂಗೂ ಮತ್ತೆಂತೂ ಬ್ಯಾಡ. ಆದ್ರೆ ಅಕ್ಕಿ ನೆನೆಹಾಕವು, ಬೀಸವು, ಒಂದೊಂದೇ ಎರೆದು ಬಿಸಿಬಿಸಿ ಹಾಕವು. ಎರೆಯವ್ಳು ತಿಂಬದು ಕಡೀಗೆ, ತಣ್ಣಗಾದ್ದು. ಸಂಪ್ರದಾಯದ ಭಾಷಣ ಮಾಡವ್ರು ಒಂದ್ ದಿನಾದ್ರೂ ಮಿಕ್ಸಿ ಜಾರು ತೊಳ್ದಿದ್ವಾ?

ಬ್ರೆಡ್ಡು ಹೊರಗಿಂದು ಹೇಳಾದ್ರೆ ಹಸಿಮೆಣಸು, ಬಟಾಟೆ ಎಲ್ಲಿಂದು? ಅವೂ ಅಮೆರಿಕ ಖಂಡದ್ದೇ, ಪೋರ್ಚುಗೀಸರ ಕಾಲದಲ್ಲಿ ಹಡಗು ಹತ್ತಿ ಬಂದದ್ದು. ಅದಕ್ಕೂ ಮುಂಚೆ ಖಾರಕ್ಕೆ ತೋಟದ ಕಾಳುಮೆಣಸೇ ಆಗಿತ್ತು.

ಯನ್ನ ಸ್ಯಾಂಡ್‌ವಿಚ್ಚಲ್ಲಿ ಮಯೋನೀಸ್ ಇಲ್ಲೆ. ಒಂದೆಲಗ, ಕಾಯಿತುರಿ, ಸೂಜಿಮೆಣಸು, ಉಪ್ಪು ಹಾಕಿ ಗಟ್ಟಿ ಚಟ್ನಿ. ನೀರಾದ್ರೆ ಬ್ರೆಡ್ಡು ಮುದ್ದೆ ಆಗ್ತು, ನೆನಪಿರ್ಲಿ. ಮನೆ ಬೆಣ್ಣೆ, ತೆಳ್ಳಗೆ ಹೆಚ್ಚಿದ ಸವತೆಕಾಯಿ, ಮೇಲಿಂದ ಅಪ್ಪೆಮಿಡಿ ಉಪ್ಪಿನಕಾಯಿ ರಸ ನಾಕು ಹನಿ. ದೋಸೆ ಕಾವಲಿ ಮೇಲಿಟ್ಟು ನೀರು ತುಂಬಿದ ತಂಬಿಗೆ ಹೇರಿದ್ರೆ ಗರಿಗರಿ ಆಗ್ತು. (ಟೋಸ್ಟರ್ ಇದ್ದು. ಆದ್ರೆ ಮಳೆಗಾಲದಲ್ಲಿ ನಮ್ಮ ಕರೆಂಟಿಗೆ ಅದು ಕಪಾಟಿನ ಅಲಂಕಾರ.)

ಆ ನೆಂಟ್ರು ಎರಡು ತಿಂದು ಮೂರನೇದು ಕೇಳ್ದ. "ಚಟ್ನಿ ಇದ್ದು, ಕಾವಲಿ ಒಲೆ ಮೇಲೇ ಇದ್ದು, ಮಾಡ್ಕಳಿ" ಹೇಳಿ ಆನು ಕೂತು ಯನ್ನ ಪಾಲು ಬಿಸಿ ಇಪ್ಪಕಾರೇ ತಿಂದಿ.